ಮುಖ ನೋಡುವ ಕೆಲಸ

ಕಾರ್ಡು ಬಂದದ್ದು ಸೋಮವಾರ. ಎರಡೇ ಸಾಲು. ‘ಅಪ್ಪ ತೀರಿಕೊಂಡು ಹದಿನೆಂಟು ದಿವಸ ಆಯಿತು. ಏನಾದರೂ ಆದರೆ ನಿಮಗೆ ತಿಳಿಸಲು ಹೇಳಿದ್ದರು.’ ನನಗೆ ಕೂಡಿಸಿ ಓದಲು ಮಾತ್ರ ಬರುವುದು, ಆಸ್ಪತ್ರೆಯ ಬಾಟ್ಲಿಗಳ ಮೇಲಿನ ಚೀಟಿ ನೋಡಿ ನೋಡಿ ಕಲಿತದ್ದು. ಎರಡು ಸಲ ಓದಿದೆ. ಮಗಳ ಕೈಯಲ್ಲೂ ಓದಿಸಿದೆ. ಮನೆಯಲ್ಲಿ ತೀರಿಕೊಂಡರೋ ದಾರಿಯಲ್ಲೋ, ಒಂದೂ ಬರೆದಿರಲಿಲ್ಲ. ಸತ್ತರು ಎಂಬುದು ದೊಡ್ಡ ವಿಷಯವಲ್ಲ. ವಯಸ್ಸಾಗಿತ್ತು, ಸಾಯಬೇಕಾದ್ದೇ. ಹೇಗೆ ಸತ್ತರು ಎಂದು ಗೊತ್ತಾಗದೆ ನನಗೆ ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಅವರ ವಿಷಯ ಹೇಳಬೇಕು.

ಹೆಸರು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ದಂಡಿಗೆಯಣ್ಣ ಎಂದೇ ಕರೆಯುತ್ತಿದ್ದದ್ದು. ಹುಟ್ಟಿದ್ದು ಕಡಬದ ಆಚೆ, ನೆಟ್ಟಣದ ಕಡೆಗೆ. ರಸ್ತೆ ಇಲ್ಲದ ಕಾಲದಲ್ಲಿ ಹರೆಯದವರಿದ್ದಾಗ ದಂಡಿಗೆ ಹೊರುತ್ತಿದ್ದರು. ಉದ್ದದ ಕೋಲಿಗೆ ಮಂಚ ತೂಗುಬಿಟ್ಟು, ಅದರಲ್ಲಿ ದೊಡ್ಡ ಮನೆಯವರನ್ನೋ ಕಾಯಿಲೆಯವರನ್ನೋ ಮಲಗಿಸಿ, ನಾಲ್ಕು ಜನ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿ ಇಳಿಯುವುದು. ಬಸ್ಸು ಬಂದ ಮೇಲೆ ಆ ಕೆಲಸ ಹೋಯಿತು. ಬಲ ಹೆಗಲ ಮೇಲೆ ನಿಂಬೆಹುಳಿಯಷ್ಟು ಒಂದು ಗಂಟು ಉಳಿಯಿತು.

ನಾನು ಪುತ್ತೂರಿನ ಆ ಆಸ್ಪತ್ರೆಗೆ ಹೆರಿಗೆ ವಾರ್ಡಿನ ಆಯಾ ಆಗಿ ಸೇರುವಾಗ ನಮ್ಮ ಊರು ಇನ್ನೂ ಮದರಾಸಿನ ಕೈಯಲ್ಲಿತ್ತು. ಅವರು ಆಗಲೇ ಅಲ್ಲಿದ್ದರು. ಅವರ ಕೆಲಸ ಸ್ಟ್ರೆಚರು. ಆಗಿನ ಸ್ಟ್ರೆಚರಿಗೆ ಚಕ್ರ ಗಿಕ್ರ ಇಲ್ಲ. ಎರಡು ಬಿದಿರು, ನಡುವೆ ದಪ್ಪ ಬಟ್ಟೆ, ಮುಂದೊಬ್ಬ ಹಿಂದೊಬ್ಬ. ವಾರ್ಡು ಗುಡ್ಡದ ಮೇಲೆ, ಆಪರೇಶನ್ ಕೋಣೆ ಕೆಳಗೆ. ಹೀಗೆ ಯಾರು ಕಟ್ಟಿದರೋ. ಕಟ್ಟಿದವರಿಗೆ ಒಂದು ದಿವಸವೂ ಹೊಟ್ಟೆನೋವು ಬಂದಿರಲಿಕ್ಕಿಲ್ಲ. ವಾರ್ಡಿನ ಬಾಗಿಲಿಂದ ಕೆಳಗಿನ ಬಾಗಿಲಿಗೆ ನೂರ ನಲವತ್ತು ಹೆಜ್ಜೆ. ಎಣಿಸಿದ್ದು ಅವರೇ.

ಗಿಡ್ಡ ಜನ. ನಗು ಕಡಿಮೆ. ಹೊಗೆಸೊಪ್ಪು ಹಾಕಿ ವೀಳ್ಯ ತಿನ್ನುವ ಚಟ ಇತ್ತು. ಆದರೆ ಸ್ಟ್ರೆಚರು ಮುಟ್ಟುವ ಮೊದಲು ಉಗಿದು ಬಾಯಿ ತೊಳೆಯುವರು. ಯಾಕೆ ಅಣ್ಣ, ಸ್ಟ್ರೆಚರಿಗೂ ಮಡಿಯಾ ಎಂದು ನಾನು ಒಮ್ಮೆ ತಮಾಷೆ ಮಾಡಿದೆ.

“ಬಾಯಿ ತುಂಬ ಎಲೆಯಡಿಕೆ ಇಟ್ಕೊಂಡು ‘ನಿಲ್ಲು’ ಅಂತ ಹೇಳುದು ಹೇಗೆ ಮಾರಾಯ್ತಿ?” ಎಂದರು.

ಹೊಸದಾಗಿ ಸ್ಟ್ರೆಚರು ಹಿಡಿಯಲು ಬಂದವರಿಗೆ ಅವರು ಮನುಷ್ಯರನ್ನು ಕೊಡುತ್ತಿರಲಿಲ್ಲ. ಚೆಂಬು ಕೊಡುತ್ತಿದ್ದರು. ಬಾಯಿಮಟ್ಟ ನೀರು ತುಂಬಿದ ಚೆಂಬನ್ನು ಸ್ಟ್ರೆಚರಿನ ನಡುವೆ ಇಟ್ಟು, ವಾರ್ಡಿನಿಂದ ಕೆಳಗೆ, ಕೆಳಗಿಂದ ಮೇಲೆ. ನೀರು ಚೆಲ್ಲಿದರೆ ಪುನಃ ಮೊದಲಿಂದ. “ಇಬ್ಬರದ್ದೂ ಒಂದೇ ಬದಿಯ ಕಾಲು ಒಟ್ಟಿಗೆ ನೆಲಕ್ಕೆ ಬೀಳ್ಬಾರ್ದು. ನೀವೆಂತ ಪೋಲೀಸ್ ಕವಾಯತು ಮಾಡುದಾ? ಅವನದ್ದು ಎಡಗಾಲು ಬೀಳುವಾಗ ನಿನ್ನದ್ದು ಬಲಗಾಲು. ಇಲ್ಲದಿದ್ರೆ ಮಲಗಿದವ ತೊಟ್ಟಿಲಲ್ಲಿ ತೂಗಿದ ಹಾಗೆ ತೂಗ್ತಾನೆ.” ಇದು ದಂಡಿಗೆಯವರ ನಡಿಗೆ. ವಾರಗಟ್ಟಲೆ ಚೆಂಬು ಹೊತ್ತು ಬೇಸತ್ತು ಓಡಿಹೋದವರೂ ಇದ್ದರು.

“ಹೋಗ್ಲಿ ಬಿಡಿ. ಚೆಂಬು ಬಿಟ್ಟು ಓಡಿದವ ನಾಳೆ ಜನ ಬಿಟ್ಟು ಓಡ್ತಾನೆ” ಎಂದು ಇವರು ಇನ್ನೊಬ್ಬನಿಗೆ ಚೆಂಬು ಕೊಡುತ್ತಿದ್ದರು.

ದಾರಿಯಲ್ಲಿ ಮೊದಲು ಕೆಂಪುಕಲ್ಲಿನ ಮೂರು ಮೆಟ್ಟಿಲು ಇದ್ದವು. ಈಶ್ವರಮಂಗಲದ ಕಡೆಯ ಒಬ್ಬರು ಮುದುಕರು, ಎದೆನೋವಿನವರು, ಅವರನ್ನು ಇಳಿಸುವಾಗ ಆ ಮೆಟ್ಟಿಲಲ್ಲೇ ಉಸಿರು ನಿಂತುಹೋಯಿತು. ಯಾರೂ ಬೀಳಿಸಲಿಲ್ಲ, ಯಾರೂ ಎಡವಲಿಲ್ಲ. ಕುಲುಕಾಟಕ್ಕೆ ಹೋಯಿತೋ, ಹೇಗಿದ್ದರೂ ಹೋಗುವುದಿತ್ತೋ, ದೇವರಿಗೇ ಗೊತ್ತು. ಡಾಕ್ಟರು “ಅವರ ಆಯುಷ್ಯ ಅಷ್ಟೇ” ಎಂದರು. ಮರುದಿನ ಆದಿತ್ಯವಾರ. ದಂಡಿಗೆಯಣ್ಣ ಪಿಕ್ಕಾಸು ತಂದು ಮೂರು ಮೆಟ್ಟಿಲನ್ನೂ ಕಿತ್ತು ಹಾಕಿ, ಕಲ್ಲು ಮಣ್ಣು ತುಂಬಿ, ದಿಮ್ಮಿಯಿಂದ ಬಡಿದು ಇಳಿಜಾರು ಮಾಡಿದರು. ದಾರಿಗೆ ಅಡ್ಡ ಇದ್ದ ಚರಂಡಿಗೆ ಎರಡು ಹಲಗೆ ಹೊಡೆದರು. ಸೋಮವಾರ ಡಾಕ್ಟರು ಬಂದು ನೋಡಿ ಕುಣಿದಾಡಿದರು.

“ಯಾರನ್ನು ಕೇಳಿ ಒಡೆದದ್ದು? ಆಸ್ಪತ್ರೆ ಎಂತ ನಿಮ್ಮ ಅಪ್ಪಂದಾ?”

“ಅಲ್ಲ ಡಾಕ್ಟ್ರೆ. ನನ್ನ ಅಪ್ಪಂದಾದ್ರೆ ಕಟ್ಟುವಾಗ್ಲೇ ಹೀಗೆ ಕಟ್ತಿದ್ರು.”

ಕೆಲಸದಿಂದ ತೆಗೆದೇಬಿಡುತ್ತಾರೆ ಎಂದು ನಾವು ಗ್ರಹಿಸಿದೆವು. ತೆಗೆಯಲಿಲ್ಲ. ಡಾಕ್ಟರು ಸ್ವಲ್ಪ ಹೊತ್ತು ಆ ಇಳಿಜಾರಿನಲ್ಲಿ ಮೇಲೆ ಕೆಳಗೆ ನಡೆದು ನೋಡಿ ಒಳಗೆ ಹೋದರು. ಕೋಪಿಷ್ಟರು, ಆದರೆ ಕಣ್ಣು ಇದ್ದ ಮನುಷ್ಯ.

ದಂಡಿಗೆಯಣ್ಣನ ನಾಲಗೆ ಒಳ್ಳೆಯದಲ್ಲ, ಅದನ್ನೂ ಹೇಳಬೇಕು. ರೋಗಿಯನ್ನು ಇಳಿಸುವಾಗ ಸಂಬಂಧಿಕರು ದಾರಿಯಲ್ಲಿ ಅಡ್ಡ ಬರುವುದು ವಾಡಿಕೆ. ಒಬ್ಬರು ಪ್ರಸಾದ ಹಚ್ಚಬೇಕು, ಒಬ್ಬರು ಮೈ ಮುಟ್ಟಿ ಅಳಬೇಕು, ಇನ್ನೊಬ್ಬರು ಸುಳ್ಯದಿಂದ ಈಗಷ್ಟೇ ಬಂದದ್ದು, ಒಂದು ಮಾತು ಆಡಬೇಕು. “ದೇವರು ಕೆಳಗಿನ ಬಾಗಿಲಲ್ಲೂ ಇದ್ದಾರೆ, ಪ್ರಸಾದ ಅಲ್ಲಿಗೆ ತನ್ನಿ. ಈಗ ದಾರಿ ಬಿಡಿ” ಎಂದು ಗದರುವರು. ದೊಡ್ಡ ಜಮೀನಿನವರಿಗೂ ಅದೇ ಮಾತು. ಬೈದವರನ್ನು ತಿರುಗಿ ನೋಡುವವರೇ ಅಲ್ಲ. ಹೊರುವ ಮೊದಲು ಪ್ರತಿ ಸಲವೂ ಒಂದೇ ಪ್ರಶ್ನೆ: “ಮುಖ ನೋಡುವವರು ಯಾರು?” ಯಾರಾದರೂ ಒಬ್ಬರು ನಾನು ಎನ್ನುವವರೆಗೆ ಬಿದಿರು ಮುಟ್ಟುತ್ತಿರಲಿಲ್ಲ. ಇದೆಂತ ಹುಚ್ಚೋ ಎಂದುಕೊಂಡಿದ್ದೆ. ನಾನೇ ಎಷ್ಟೋ ಸಲ ಸುಮ್ಮನೆ ‘ನಾನು’ ಎಂದು, ರೋಗಿಯ ಮುಖ ಬಿಟ್ಟು ನನ್ನ ಕಾಲಬುಡ ನೋಡಿಕೊಂಡು ನಡೆದದ್ದೂ ಉಂಟು.

ಮದರಾಸು ಹೋಗಿ ಮೈಸೂರು ರಾಜ್ಯ ಬಂದು ನಾಲ್ಕೈದು ವರ್ಷ ಆಗಿರಬೇಕು. ನನ್ನ ಕೊನೆಯ ಮಗಳು ಚೊಚ್ಚಲ ಬಾಣಂತನಕ್ಕೆಂದು ಕಬಕಕ್ಕೆ, ನನ್ನ ಮನೆಗೆ ಬಂದಿದ್ದಳು. ಎಂಟು ತಿಂಗಳು ಕಳೆದಿತ್ತು. ಕಾಲು ಬಾತಿತ್ತು, ಮುಖವೂ ಸ್ವಲ್ಪ ಊದಿತ್ತು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದೆ. ಹೆರಿಗೆ ವಾರ್ಡಿನ ಆಯಾ ನಾನು, ಅಂಥ ಮುಖಗಳನ್ನು ದಿನಾ ನೋಡಿದವಳು, ಮನೆಯೊಳಗೆ ಕಣ್ಣು ಕಾಣಲಿಲ್ಲ. ಒಂದು ಬೆಳಿಗ್ಗೆ ತಲೆನೋವು, ಕಣ್ಣು ಮಂಜು ಎಂದಳು. ದೋಸೆ ತಿಂದು ಎದ್ದವಳು ಅಡುಗೆಮನೆಯ ಬಾಗಿಲಲ್ಲಿ ಬಿದ್ದಳು, ಕೈಕಾಲು ಸೆಳೆಯಲು ಶುರುವಾಯಿತು.

ಬಾಡಿಗೆ ಕಾರು ಮಾಡಿಕೊಂಡು ಆಸ್ಪತ್ರೆಗೆ ತಂದೆವು. ವಾರ್ಡಿನಲ್ಲಿ ಇನ್ನೊಮ್ಮೆ ಸೆಳವು ಬಂತು. ಡಾಕ್ಟರು ಸೂಜಿ ಹಾಕಿ, ಕಿಟಕಿ ಮುಚ್ಚಿಸಿ, ಯಾರೂ ಶಬ್ದ ಮಾಡಬಾರದು ಎಂದರು. ಆಮೇಲೆ ನನ್ನ ಹತ್ತಿರ ಬಂದು, “ಮಗುವನ್ನು ಈಗಲೇ ಹೊರಗೆ ತೆಗೀಬೇಕು. ಇನ್ನೂ ಎರಡು ಸಲ ಹೀಗೆ ಬಂದ್ರೆ ತಾಯಿ ಉಳಿಯುದಿಲ್ಲ. ನಾನು ಕೆಳಗೆ ತಯಾರು ಮಾಡ್ತೇನೆ, ನೀವು ಬೇಗ ತನ್ನಿ” ಎಂದು ಓಡಿದರು. ಅವಳು ಅರೆ ಎಚ್ಚರ, ಅರೆ ಇಲ್ಲ. ಗೊರಕೆಯ ಹಾಗೆ ಉಸಿರು. ಸಣ್ಣ ಶಬ್ದಕ್ಕೂ, ಒಂದು ಕುಲುಕಿಗೂ ಮತ್ತೆ ಸೆಳವು ಬರಬಹುದು. ನೂರ ನಲವತ್ತು ಹೆಜ್ಜೆ.

ದಂಡಿಗೆಯಣ್ಣ ಬಾಯಿ ತೊಳೆದು ಬಂದರು. ಅವಳನ್ನು ಒಂದು ಬದಿಗೆ ಓರೆಯಾಗಿ ಮಲಗಿಸಿ ಬೆನ್ನಿಗೆ ತಲೆದಿಂಬು ಒತ್ತಿಟ್ಟರು. ಸಿಸ್ಟರು ಗ್ಲೂಕೋಸಿನ ಬಾಟ್ಲಿ ಎತ್ತಿ ಹಿಡಿದರು. ಸ್ಟ್ರೆಚರು ಎತ್ತಿ, ಕಾಲು ಮುಂದೆ ಮಾಡಿ, ಬಾಗಿಲ ಕಡೆಗೆ ತಿರುಗಿಸಿದರು. ಆಗ ನನಗೆ ಎಂತ ಆಯಿತೋ. ಬಾಗಿಲಿಗೆ ಅಡ್ಡ ನಿಂತೆ.

“ಕಾಲು ಮುಂದೆ ಮಾಡಿ ಕೊಂಡುಹೋಗ್ಬೇಡಿ! ಅವಳೆಂತ ಸತ್ತಿದ್ದಾಳಾ? ತಲೆ ಮುಂದೆ ಮಾಡಿ!”

ನಮ್ಮಲ್ಲಿ ಕಾಲು ಮುಂದಾಗಿ ಮನೆಯ ಹೊಸ್ತಿಲು ದಾಟುವುದು ಹೆಣ ಮಾತ್ರ. ಬೇರೆಯವರ ಮನೆಯವರು ಇದೇ ಗಲಾಟೆ ಎಬ್ಬಿಸಿದಾಗ ಸಮಾಧಾನ ಮಾಡುತ್ತಿದ್ದವಳು ನಾನು. ಇಳಿಜಾರಿನಲ್ಲಿ ತಲೆ ಎತ್ತರಕ್ಕೆ ಇರಬೇಕೆಂದು ಎಷ್ಟು ಜನರಿಗೆ ಬುದ್ಧಿ ಹೇಳಿರಲಿಲ್ಲ! ಆ ದಿವಸ ಆ ಬುದ್ಧಿಯೆಲ್ಲ ಎಲ್ಲಿಗೆ ಹೋಯಿತೋ. ಎರಡೂ ಕೈ ಚಾಚಿ ಬಾಗಿಲು ಹಿಡಿದುಕೊಂಡಿದ್ದೆ. ತಲೆ ಮುಂದೆ ಮಾಡಬೇಕಾದರೆ ಆ ಇಕ್ಕಟ್ಟಿನಲ್ಲಿ ಸ್ಟ್ರೆಚರು ಓರೆ ಮಾಡಿ ತಿರುಗಿಸಬೇಕು. ಸೂಜಿ ಕಿತ್ತು ಬರುತ್ತದೆ, ಅವಳು ಕುಲುಕುತ್ತಾಳೆ.

ಬೈಗುಳ ಬರುತ್ತದೆ ಎಂದು ಗ್ರಹಿಸಿದ್ದೆ. ಬರಲಿಲ್ಲ. ಅವರು ಸ್ವರ ತಗ್ಗಿಸಿ ಹೇಳಿದರು: “ತಂಗಿ, ಅವಳ ಹೊಟ್ಟೆಯಲ್ಲಿ ದೋಸೆ ಉಂಟು. ತಲೆ ಕೆಳಗಾಗಿ ಇಳಿಸಿದ್ರೆ ಅದು ಗಂಟಲಿಗೆ ಬರ್ತದೆ. ಕಾಲಿನ ಕಡೆ ನೀನು ನೋಡ್ಲೇಬೇಡ. ಈಚೆ ಬಾ. ಅವಳ ಮುಖ ನೋಡುವವಳು ನೀನು. ಏಡಿಯ ಹಾಗೆ ಅಡ್ಡಡ್ಡ ನಡಿ. ತುಟಿ ಮಾತ್ರ ನೋಡು. ಬಣ್ಣ ಬದಲಿದ್ರೆ ನಿಲ್ಲು ಅನ್ನು. ಬೇರೆ ಎಂತದ್ದೂ ನಿನ್ನ ಕೆಲಸ ಅಲ್ಲ.”

ಕೆಲಸ ಎಂದು ಹೇಳಿದ್ದಕ್ಕೋ ಏನೋ, ನನ್ನ ಕೈ ಬಾಗಿಲು ಬಿಟ್ಟಿತು.

ಹೊರಟೆವು. ಮುಂದೆ ಹಿಡಿದವನು ಚೆಂಬು ಹೊತ್ತು ಕಲಿತವನೇ. ತಲೆಯ ಕಡೆ ದಂಡಿಗೆಯಣ್ಣ. ಆ ಕಡೆ ಸಿಸ್ಟರು, ಈ ಕಡೆ ನಾನು ಏಡಿ. ಸ್ಟ್ರೆಚರು ಅಲ್ಲಾಡಿದ್ದೇ ಕಾಣಲಿಲ್ಲ, ದೋಣಿ ಹೋದ ಹಾಗೆ ಹೋಯಿತು. ಇಪ್ಪತ್ತು ವರ್ಷದಲ್ಲಿ ನನ್ನ ಮಗಳ ಮುಖವನ್ನು ನಾನು ಅಷ್ಟು ಹೊತ್ತು ಒಟ್ಟಿಗೆ ನೋಡಿದ್ದಿಲ್ಲ. ಮೇಲಿನ ತುಟಿಯ ಮೇಲೆ ಒಂದು ಮಚ್ಚೆ ಇರುವುದು ನನಗೆ ಗೊತ್ತಾದದ್ದು ಆವತ್ತು.

ಮೆಟ್ಟಿಲು ಒಡೆದು ಇಳಿಜಾರು ಮಾಡಿದ ಜಾಗಕ್ಕೆ ಬಂದಿದ್ದೆವು. ಗೊರಕೆ ನಿಂತಿತು. ಶಬ್ದ ಕಡಿಮೆಯಾಯಿತು, ಒಳ್ಳೆಯದಾಯಿತು ಎಂದುಕೊಳ್ಳುವಷ್ಟರಲ್ಲಿ ಮಚ್ಚೆಯ ಕೆಳಗಿನ ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗೆ ಕಂಡಿತು.

“ನಿಲ್ಲಿ!”

ನಿಂತರು. ಇನ್ನೊಂದು ಹೆಜ್ಜೆಯೂ ಇಡಲಿಲ್ಲ. ಯಾಕೆ, ಏನು ಎಂದು ಕೇಳಲಿಲ್ಲ. ಸ್ಟ್ರೆಚರನ್ನು ನೆಲಕ್ಕೆ ಇಳಿಸಿ, ಅವಳನ್ನು ಪೂರ್ತಿ ಬದಿಗೆ ಹೊರಳಿಸಿ, ಗಲ್ಲ ಮೇಲಕ್ಕೆತ್ತಿ ಹಿಡಿದರು. ಬಾಯಿ ತುಂಬ ವಾಂತಿ. ಸಿಸ್ಟರ ಕೈಯಲ್ಲಿ ಬಾಟ್ಲಿ. ನಾನು ಸೀರೆಯ ಸೆರಗು ಬೆರಳಿಗೆ ಸುತ್ತಿ ಬಾಯಿಯೊಳಗೆ ಹಾಕಿ ಬಾಚಿ ಬಾಚಿ ತೆಗೆದೆ. ಅವಳು ಹಲ್ಲು ಕಚ್ಚಿದಳು. ಆ ಗುರುತು ಈಗಲೂ ಬಲಗೈಯ ತೋರುಬೆರಳಲ್ಲಿ ಉಂಟು.

ಕೆಳಗಿನ ಬಾಗಿಲಿಂದ ಡಾಕ್ಟರು ಕೂಗಿದರು. “ಎಂತ ಅಲ್ಲಿ ಕೂತದ್ದು? ಬೇಗ ತನ್ನಿ!” ಇನ್ನು ಅರುವತ್ತು ಹೆಜ್ಜೆ ಇತ್ತೋ ಏನೋ. ಬಾಗಿಲು ಕಣ್ಣಿಗೆ ಕಾಣುತ್ತದೆ, ಡಾಕ್ಟರು ಕಾಣುತ್ತಾರೆ. ಎತ್ತಿಕೊಂಡು ಓಡುವಾ ಎಂದು ನನ್ನ ಕಾಲೇ ಹೇಳುತ್ತಿತ್ತು. ದಂಡಿಗೆಯಣ್ಣ ಆ ಕಡೆ ಕತ್ತು ತಿರುಗಿಸಲಿಲ್ಲ.

“ಬಣ್ಣ ಹೇಳು.”

“ಕೆಂಪಾಗ್ತಾ ಉಂಟು ಅಣ್ಣ.”

“ಆಸೆಗೆ ಹೇಳ್ಬೇಡ. ನೋಡಿ ಹೇಳು.”

ನೋಡಿದೆ. ಕೆಂಪಾಗಿರಲಿಲ್ಲ. “ಇಲ್ಲ, ಕಪ್ಪೇ ಉಂಟು” ಎಂದೆ. ಅವರು ಅವಳ ಬೆನ್ನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು. ನಾನು ಮತ್ತೊಮ್ಮೆ ಬೆರಳು ಹಾಕಿದೆ. ಕೊನೆಗೆ ದೋಸೆಯ ಒಂದು ತುಂಡು ಬಂತು, ಅದರ ಹಿಂದೆಯೇ ಉಸಿರು. ಕರ್ರ್ ಎಂದು ದೊಡ್ಡ ಉಸಿರು. ಆಮೇಲೆ ತುಟಿ ಸ್ವಲ್ಪ ಸ್ವಲ್ಪವೇ ತುಟಿಯ ಬಣ್ಣಕ್ಕೆ ಬಂತು.

“ಈಗ?”

“ಈಗ ಹೌದು.”

“ಹಾಗಾದ್ರೆ ಏಳುವಾ” ಎಂದರು. ಉಳಿದ ಹೆಜ್ಜೆಗಳನ್ನೂ ಮೊದಲಿನ ಹಾಗೆಯೇ ನಡೆದರು. ಒಂದು ಹೆಜ್ಜೆಯೂ ಅವಸರವಿಲ್ಲ.

ಬಾಗಿಲು ಮುಚ್ಚಿತು. ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಯಾರೋ ಚಾ ತಂದು ಕೊಟ್ಟರು. ದಂಡಿಗೆಯಣ್ಣನ ಕೈಯಿಂದ ಚಾ ಪಂಚೆಯ ಮೇಲೆ ಚೆಲ್ಲಿತು. ಚೆಂಬಿನ ನೀರು ಚೆಲ್ಲದವರು! ನಾನು ನೋಡಿದ್ದನ್ನು ಅವರು ನೋಡಿದರು. ಆಗ ಹೇಳಿದರು. ನಾನಾಗಿ ಕೇಳಿದ್ದಲ್ಲ.

ದಂಡಿಗೆಯ ಕಾಲದ ಮಾತು. ಕಡಬದ ಹತ್ತಿರದ ಒಂದು ದೊಡ್ಡ ಮನೆಯ ಸೊಸೆಗೆ ಹೆರಿಗೆಯ ನಂತರ ಜ್ವರ. ಪುತ್ತೂರಿಗೆ ಕೊಂಡುಹೋಗಬೇಕು. ದೊಡ್ಡ ಮನೆಯ ಹೆಂಗಸಾದ್ದರಿಂದ ದಂಡಿಗೆಯ ಸುತ್ತ ಬಟ್ಟೆ ಕಟ್ಟಿದ್ದರು. ಹೊರುವವರು ಮುಖ ನೋಡುವ ಹಾಗಿಲ್ಲ. ಜೊತೆಗೆ ಬಂದ ಗಂಡಸರು ಮುಂದೆ ಮುಂದೆ ಹೋಗುತ್ತಿದ್ದರು. ಇವರು ನಾಲ್ಕು ಜನ, ಹರೆಯದ ಸೊಕ್ಕು, ಓಡಿದರು. ದೋಣಿಯಲ್ಲಿ ಹೊಳೆ ದಾಟಿ ಮತ್ತೆ ಓಡಿದರು. ಯಾವತ್ತೂ ಸಂಜೆಗೆ ಮುಟ್ಟುವ ದಾರಿ, ಆವತ್ತು ಮಧ್ಯಾಹ್ನದೊಳಗೆ ಮುಟ್ಟಿಸಿದರು. ಆ ಗಂಡಸರು ಭೇಷ್ ಎಂದು ಬೆನ್ನು ತಟ್ಟಿ ಬೆಲ್ಲ ನೀರು ಕೊಟ್ಟರಂತೆ. ಇವರು ಬೆಲ್ಲ ಬಾಯಿಗೆ ಹಾಕಿಕೊಂಡರು. ಅಷ್ಟರಲ್ಲಿ ಬಟ್ಟೆ ಸರಿಸಿದರು.

“ಮೈ ತಣ್ಣಗಾಗಿತ್ತು. ಯಾವ ಗುಡ್ಡದಲ್ಲಿ ಹೋದದ್ದು, ಹೊಳೆಯ ಆಚೆಯಾ, ಈಚೆಯಾ, ಒಬ್ಬನಿಗೂ ಗೊತ್ತಿಲ್ಲ. ನೀರು ಅಂತ ಕೇಳಿದ್ಲೋ ಏನೋ. ನಾವು ಓಡುವ ಶಬ್ದದಲ್ಲಿ ಕೇಳ್ಲಿಲ್ಲ. ನಾಲ್ಕು ಜನ ಹೊತ್ತದ್ದು, ಮೂರು ಜನ ಜೊತೆಗೆ ಬಂದದ್ದು. ಏಳು ಜನ ಇದ್ದು ಮುಖ ನೋಡಿದವ ಒಬ್ಬ ಇಲ್ಲ ತಂಗಿ. ಬಾಯಲ್ಲಿ ಬೆಲ್ಲ ಇತ್ತು, ಉಗಿಲಿಕ್ಕೂ ಆಗ್ಲಿಲ್ಲ, ನುಂಗಲಿಕ್ಕೂ ಆಗ್ಲಿಲ್ಲ.”

ಆಮೇಲೆ ಅವರು ಬೆಲ್ಲ ತಿನ್ನುವುದನ್ನು ಬಿಟ್ಟರಂತೆ. ಆಸ್ಪತ್ರೆಯಲ್ಲಿ ಬೆಲ್ಲದ ಚಾ ಕೊಟ್ಟರೆ ಬದಿಗಿಡುತ್ತಿದ್ದರು. ಅದನ್ನು ಗರ್ವ ಎಂದುಕೊಂಡು ನಾನು ಹಿಂದಿನಿಂದ ನಗಾಡಿದ್ದೆ.

ಅವರು ಹೇಳಿ ಮುಗಿಸುವಷ್ಟರಲ್ಲಿ ಒಳಗಿಂದ ಬೆಕ್ಕಿನಮರಿಯ ಹಾಗೆ ಒಂದು ಸ್ವರ ಕೇಳಿತು. ಮತ್ತೆ ಎಷ್ಟೋ ಹೊತ್ತಿನ ನಂತರ ಡಾಕ್ಟರು ಬಂದು, “ಹೆಣ್ಣು. ಸಣ್ಣದು, ಆದ್ರೆ ಉಂಟು. ತಾಯಿಯೂ ಉಂಟು” ಎಂದರು. ದಂಡಿಗೆಯಣ್ಣನ ಕಡೆ ನೋಡಿ, “ಅಲ್ಲಿ ಯಾಕೆ ನಿಂತದ್ದು ಅಂತ ಸಿಸ್ಟರು ಹೇಳಿದ್ರು. ನಾನು ಕೂಗಿದ್ದು ಬೇಡಿತ್ತು” ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

“ನೀವು ಕೂಗಿ ಡಾಕ್ಟ್ರೆ. ನಾವು ನಿಲ್ತೇವೆ” ಎಂದರು ದಂಡಿಗೆಯಣ್ಣ.

ನನಗೆ ಮೈಯಿಂದ ಒಂದು ಮೂಟೆ ಇಳಿದ ಹಾಗಾಯಿತು. ಅಳಲಿಲ್ಲ. ವಾಂತಿಯಾದ ಸ್ಟ್ರೆಚರಿನ ಬಟ್ಟೆ ಹಾಗೇ ಬಿದ್ದಿತ್ತು. ಅದನ್ನು ಒಗೆಯುವುದು ನನ್ನದೇ ಕೆಲಸ, ಬಾವಿಯ ಹತ್ತಿರ ಕೊಂಡುಹೋಗಿ ಒಗೆದೆ. ಇಡೀ ಆಸ್ಪತ್ರೆಯ ಬಟ್ಟೆ ಒಗೆ ಎಂದಿದ್ದರೂ ಆವತ್ತು ಒಗೆಯುತ್ತಿದ್ದೆ. ಅಂದಿನಿಂದ ‘ಮುಖ ನೋಡುವವರು ಯಾರು’ ಎಂದು ಕೇಳಿದಾಗ ನಾನು ಸುಮ್ಮನೆ ಹೂಂಗುಟ್ಟಿದ್ದಿಲ್ಲ. ಆಸ್ಪತ್ರೆ ಬಿಡುವವರೆಗೂ ಏಡಿಯ ನಡಿಗೆ ನಡೆದೆ. ನನ್ನ ಬೆನ್ನ ಹಿಂದೆ ಏಡಿಯಕ್ಕ ಎಂದು ಕರೆಯುತ್ತಿದ್ದದ್ದು ನನಗೆ ಗೊತ್ತುಂಟು. ಕರೆಯಲಿ.

ಕೆಲವು ವರ್ಷ ಕಳೆದು ಅವರಿಗೆ ಬಿದಿರು ಎತ್ತಲು ಆಗದ ಹಾಗೆ ಸೊಂಟ ಹಿಡಿಯಿತು. ಕೆಲಸ ಬಿಟ್ಟು ಊರಿಗೆ ಹೋದರು. ಹೋಗುವಾಗ ಆ ಚೆಂಬನ್ನು ಮಾತ್ರ ಸ್ಟ್ರೆಚರಿನ ಪಕ್ಕದ ಗೂಡಿನಲ್ಲಿ ಬಿಟ್ಟು ಹೋದರು.

ಈಗ ಕಾರ್ಡು ಬಂತು. ಕಡಬದಿಂದ ಒಳಗೆ ಅವರ ಮನೆ. ಹುಷಾರಿಲ್ಲದಾದರೆ ಜೀಪಿನಲ್ಲೋ ಲಾರಿಯಲ್ಲೋ ಹಾಕಿ ಪುತ್ತೂರಿಗೆ ತರುವುದು ಈಗಿನ ಕ್ರಮ. ಹಿಂದೆ ಚೀಲ ಹಾಕಿದ ಹಾಗೆ ಹಾಕಿ, ಮನೆಯವರೆಲ್ಲ ಮುಂದೆ ಕೂತು, ಬೇಗ ಬೇಗ ಎಂದು ಡ್ರೈವರನಿಗೆ ಹೇಳುತ್ತಾ ಬರುವವರನ್ನು ಎಷ್ಟು ನೋಡಿಲ್ಲ ನಾನು. ಅವರನ್ನೂ ಹಾಗೆ ತಂದರೋ, ಯಾವ ತಿರುವಿನಲ್ಲಿ ಹೋದರೋ ಎಂಬುದೇ ನನ್ನ ತಲೆಯಲ್ಲಿ. ಬುಧವಾರ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಡಬದಲ್ಲಿ ಇಳಿದು ಕೇಳುತ್ತಾ ನಡೆದೆವು.

ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಗಟ್ಟಿ ಹೆಂಗಸು. ಅಂಗಳದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಪುತ್ತೂರಿನ ಆಸ್ಪತ್ರೆಯವಳು ಎಂದೆ.

“ಏಡಿಯಾ?” ಎಂದರು.

ಹೌದು ಎಂದೆ. ಇನ್ನೆಂತ ಹೇಳುವುದು! “ಇವಳೇ ಆವತ್ತು ಮಲಗಿದ್ದವಳು” ಎಂದು ಮಗಳನ್ನು ತೋರಿಸಿದೆ. ಅವರು ಎದ್ದು ಹತ್ತಿರ ಬಂದು ಅವಳ ಮೇಲ್ತುಟಿಯ ಮಚ್ಚೆಯನ್ನು ಒಮ್ಮೆ ನೋಡಿ, ಒಳಗೆ ಹೋಗಿ ನೀರು ತಂದರು. ನಾನು ನೀರು ಮುಟ್ಟದೆ ಕೇಳಿದೆ.

“ಅಕ್ಕ, ಅವರು ಹೋಗುವಾಗ ಮುಖ ನೋಡುವವರು ಯಾರಿದ್ರು?”

“ನಾನೇ ಇದ್ದದ್ದು” ಎಂದರು. “ಮಗ ಜೀಪು ತರ್ತೇನೆ ಅಂತ ಹೊರಟಿದ್ದ. ಬೇಡ, ನನ್ನನ್ನು ಎಲ್ಲಿಗೂ ಹೊರ್ಬೇಡಿ ಅಂತ ಇವರು ಹೇಳಿದ್ರು. ಇಲ್ಲೇ, ಈ ಜಗಲಿಯಲ್ಲಿ. ಬೆಳಿಗ್ಗೆ. ಚಾಪೆಯ ಪಕ್ಕದಲ್ಲಿ ಕೂತು ನೋಡ್ತಾ ಇದ್ದೆ. ನೋಡ್ತಾ ಇದ್ದ ಹಾಗೇ ಹೋದ್ರು.”

“ನೀರು ಕೇಳಿದ್ರಾ?”

“ಕೇಳಿದ್ರು. ಕೊಟ್ಟೆ. ಕುಡಿದ್ರು.”

“ಹಾಗಾದ್ರೆ ಸರಿ” ಎಂದೆ. ಚೆಂಬು ಎತ್ತಿ ನೀರು ಕುಡಿದೆ. ಸೋಮವಾರದಿಂದ ನನ್ನ ಗಂಟಲಲ್ಲಿ ಸರಿಯಾಗಿ ಇಳಿದದ್ದು ಅದೇ ಮೊದಲು. ಮತ್ತೆ ಅವರು ಬಡಿಸಿದ ಊಟವನ್ನೂ ಹೊಟ್ಟೆ ತುಂಬ ಉಂಡು, ಮೂರು ಗಂಟೆಯ ಬಸ್ಸಿಗೆ ತಾಯಿ ಮಗಳು ಹೊರಟುಬಂದೆವು.